ಲಾಟ್ ನಂಬರ್ ಎರಡು

ಬ್ಯಾಡಗಿಯ ಕರಬಸಪ್ಪ ಸಾಹುಕಾರರ ಮುಂದೆ ಎರಡು ವಿಷಯ ಹಗುರವಾಗಿ ಎತ್ತಬಾರದೆಂದು ಪೇಟೆಗೆಲ್ಲ ಗೊತ್ತಿತ್ತು. ಒಂದು ಅವರ ದಲಾಲಿ ಅಂಗಡಿ, ಇನ್ನೊಂದು ಅವರ ಕಾಲೇಜು. ಅಂಗಡಿ ಅಪ್ಪನಿಂದ ಬಂದದ್ದು. ಕಾಲೇಜು ಅಪ್ಪನ ಹೆಸರಿನಲ್ಲಿ ತಾವೇ ಎಬ್ಬಿಸಿದ್ದು. ಮೆಣಸಿನಕಾಯಿ ವರ್ತಕರನ್ನೆಲ್ಲ ಒಂದು ಕಡೆ ಕೂಡಿಸಿ, ಒಬ್ಬೊಬ್ಬರ ಅಂಗಡಿಯಲ್ಲೂ ಚಹಾ ಕುಡಿದು, ಒಬ್ಬನನ್ನು ಬೈದು, ಇನ್ನೊಬ್ಬನನ್ನು ರಮಿಸಿ, ಅಂತೂ ಊರಾಚೆಯ ಕಲ್ಲುನೆಲದಲ್ಲಿ ಎರಡಂತಸ್ತಿನ ಕಟ್ಟಡ ನಿಲ್ಲಿಸಿದ್ದರು. ಅದರ ನೆತ್ತಿಯ ಮೇಲೆ ‘ಶ್ರೀ ಗುರುಸಿದ್ದಪ್ಪ ಕಲಾ ಮತ್ತು ವಾಣಿಜ್ಯ ಮಹಾವಿದ್ಯಾಲಯ’ ಎಂದು ಆಳೆತ್ತರದ ಅಕ್ಷರಗಳು. ಗುರುಸಿದ್ದಪ್ಪನವರು ಜೀವಮಾನವೆಲ್ಲ ಹೆಬ್ಬೆಟ್ಟು ಒತ್ತಿದ ಮನುಷ್ಯ. ಆ ಹೆಬ್ಬೆಟ್ಟಿನ ಹೆಸರಿನಲ್ಲಿ ಊರ ಮಕ್ಕಳು ಡಿಗ್ರಿ ತಗೊಳ್ಳುತ್ತಾರೆಂದರೆ ಸಾಹುಕಾರರ ಎದೆ ಅಂಗಿಯ ಗುಂಡಿಗೆ ನಿಲ್ಲುತ್ತಿರಲಿಲ್ಲ.

ಆದರೆ ಲೋಕದ ರೀತಿ ವಿಚಿತ್ರ. ಮೆಣಸಿನಕಾಯಿಗೆ ಬ್ಯಾಡಗಿಯದು ಎಂಬ ಹೆಸರು ಬಿದ್ದರೆ ಬೆಲೆ ಏರುತ್ತದೆ. ಡಿಗ್ರಿಗೆ ಅದೇ ಹೆಸರು ಬಿದ್ದರೆ ಇಳಿಯುತ್ತದೆ. ಗುರುಸಿದ್ದಪ್ಪ ಕಾಲೇಜಿನ ಹುಡುಗರು ರಾಣೆಬೆನ್ನೂರಿನ ಬೀಜದ ಕಂಪನಿಗಳಿಗೆ ಅರ್ಜಿ ಹಿಡಿದು ಹೋದರೆ, ಒಳಗೆ ಕೂತವರು ಕಾಲೇಜಿನ ಹೆಸರು ಓದಿ ‘ಆಮೇಲೆ ತಿಳಿಸ್ತೀವಿ’ ಎನ್ನುತ್ತಿದ್ದರು. ಆ ‘ಆಮೇಲೆ’ ಯಾರ ಮನೆಗೂ ಬಂದದ್ದಿಲ್ಲ. ಬಿ.ಎ. ಮುಗಿಸಿದವರು, ಬಿ.ಕಾಂ. ಮುಗಿಸಿದವರು ಅಲ್ಲಿಯ ಗೋದಾಮಿನಲ್ಲಿ ಶಾಲೆಯ ಮೆಟ್ಟಿಲೇ ಹತ್ತದವರ ಪಕ್ಕ ಕೂತು ಬೀಜದ ಪೊಟ್ಟಣಗಳಿಗೆ ಲೇಬಲ್ ಅಂಟಿಸುತ್ತಿದ್ದರು. ಇದನ್ನು ಕೇಳಿದಾಗಲೆಲ್ಲ ಸಾಹುಕಾರರಿಗೆ ಮೈ ಉರಿಯುತ್ತಿತ್ತು. ವರ್ಷಕ್ಕೊಮ್ಮೆ ಕಾಲೇಜಿನ ವೇದಿಕೆ ಹತ್ತಿ, “ನಮ್ಮ ಹುಡುಗೂರಿಗೆ ಏನ್ ಕಡಿಮಿ ಆಗೇತಿ?” ಎಂದು ಮೇಜು ಗುದ್ದುತ್ತಿದ್ದರು.

ಹಾಗೆ ಗುದ್ದಿದ ಕೈ, ಕಾಲೇಜಿನಲ್ಲಿ ಉಪನ್ಯಾಸಕರ ಜಾಗ ಖಾಲಿಯಾದಾಗ ಏನು ಮಾಡುತ್ತಿತ್ತು? ದೊಡ್ಡ ಊರಿನ ದೊಡ್ಡ ಕಾಲೇಜಿನವರ ಅರ್ಜಿಗಳನ್ನು ಮೇಲಿಟ್ಟು, ತನ್ನದೇ ಕಾಲೇಜಿನಲ್ಲಿ ಕಲಿತವರ ಅರ್ಜಿಗಳನ್ನು ಕೆಳಗೆ ತಳ್ಳುತ್ತಿತ್ತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಹಾಗೆ ಬಂದ ದೊಡ್ಡ ಊರಿನವರು ಬ್ಯಾಡಗಿಯ ಘಾಟಿಗೆ ನಾಲ್ಕು ತಿಂಗಳು ಸೀನಿ, ಇನ್ನೊಂದು ಕೆಲಸ ಸಿಕ್ಕ ಕೂಡಲೇ ಗಾಡಿ ಹತ್ತುತ್ತಿದ್ದರು. ಆದರೂ ಸಾಹುಕಾರರ ಚಟ ಬಿಟ್ಟಿರಲಿಲ್ಲ.

೨೦೦೬ರ ಫೆಬ್ರುವರಿಯಲ್ಲೂ ಹಾಗೇ ಆಯಿತು. ಅರ್ಥಶಾಸ್ತ್ರ ಕಲಿಸುತ್ತಿದ್ದವರು ಹುಬ್ಬಳ್ಳಿಗೆ ಹೋದರು. ಪರೀಕ್ಷೆ ಹತ್ತಿರ, ಮಕ್ಕಳು ಕಂಗಾಲು. ಸಂದರ್ಶನಕ್ಕೆ ಇಬ್ಬರನ್ನು ಕರೆಯುವುದೆಂದು ನಿಶ್ಚಯವಾಯಿತು. ಒಬ್ಬ ಮಧು, ಬೆಂಗಳೂರಿನ ಹೆಸರಾಂತ ಕಾಲೇಜಿನಲ್ಲಿ ಓದಿದವನು. ಇನ್ನೊಬ್ಬಳು ಮೋಟೆಬೆನ್ನೂರಿನ ನಾಗರತ್ನಾ. ಇದೇ ಗುರುಸಿದ್ದಪ್ಪ ಕಾಲೇಜಿನಲ್ಲಿ ಬಿ.ಎ. ಓದಿ, ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹಾವೇರಿಗೆ ಹೋಗಿಬಂದು ಎಂ.ಎ. ಮುಗಿಸಿದವಳು. ಅವಳಪ್ಪ ಹನುಮಪ್ಪ ತನ್ನ ಹೊಲದ ಮೆಣಸಿನಕಾಯಿಯನ್ನು ಸಾಹುಕಾರರ ಅಂಗಡಿಗೇ ತರುವ ರೈತ. ಅವಳ ಅರ್ಜಿ ಎಂದಿನಂತೆ ಕೆಳಗೆ ಹೋಗಿತ್ತು. ಪ್ರಿನ್ಸಿಪಾಲ ಸಿದ್ದಲಿಂಗಪ್ಪನವರು, ಯಾವತ್ತೂ ಎದುರು ಮಾತಾಡದ ಮನುಷ್ಯ, ಅದನ್ನು ಮೇಲೆ ತೆಗೆದಿಟ್ಟು, “ಕರೀಲಿಕ್ಕೆ ಏನ್ರಿ, ಕರದು ನೋಡೂಣು” ಎಂದಿದ್ದರು.

ಸಂದರ್ಶನದ ದಿನ ಗುರುವಾರ, ಪೇಟೆಯ ದಿನ. ಬೆಳಿಗ್ಗೆ ರೊಟ್ಟಿಯ ಮುಂದೆ ಕೂತಾಗ ಸಾಹುಕಾರರು ಹೆಂಡತಿ ಹೊನ್ನವ್ವನವರಿಗೆ ಸುಮ್ಮನೆ ಮಾತಿಗೆಂದು ಹೇಳಿದರು.

“ಹನುಮಪ್ಪನ ಮಗಳೂ ಬರಾಕತ್ತಾಳ. ಛಲೋ ಹುಡುಗಿನ. ಆದ್ರ ನಮ್ಮ ಕಾಲೇಜಿನ್ಯಾಗ ಕಲ್ತಾಕಿ ಮಕ್ಕಳಿಗೆ ಏನ್ ಕಲಿಸ್ಯಾಳು?”

ಹೊನ್ನವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. “ತನ್ನ ಕೈ ಅಡಗಿ ತಾನ ಉಣ್ಣದಾಕಿ ಮನ್ಯಾಗ ಬೀಗರು ಯಾಕ ಉಂಡಾರ್ರಿ?” ಎಂದರು.

“ನಿನಗ ಇದೆಲ್ಲ ತಿಳಿಯಂಗಿಲ್ಲ” ಎಂದು ಸಾಹುಕಾರರು ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ಹೊನ್ನವ್ವ ರೊಟ್ಟಿ ಕೊಟ್ಟರು, ಪಲ್ಯ ಕೊಡಲಿಲ್ಲ.

ಆಯ್ಕೆಗೆಂದು ಬೆಂಗಳೂರಿನಿಂದ ಒಬ್ಬ ತಜ್ಞರನ್ನು ಕರೆಸಿದ್ದರು. ಆಮಂತ್ರಣ ಹೋದದ್ದು ವರ್ತಕರ ವಿದ್ಯಾಸಂಸ್ಥೆಯ ಹೆಸರಿನಲ್ಲಿ, ಕಾಲೇಜಿನ ಹೆಸರು ಅದರಲ್ಲಿರಲಿಲ್ಲ. ತಜ್ಞರು ಹಿಂದಿನ ದಿನವೇ ಬಂದು ರಾಣೆಬೆನ್ನೂರಿನಲ್ಲಿ ತಂಗಿ, ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಬಂದಿಳಿದರು. ಇಳಿಯುವಾಗಲೂ ಕಿವಿಗೆ ಮೊಬೈಲು ಅಂಟಿಯೇ ಇತ್ತು. ನೆತ್ತಿಯ ಮೇಲಿನ ಆಳೆತ್ತರದ ಅಕ್ಷರಗಳನ್ನು ಅವರು ಓದಲಿಲ್ಲ. ನೇರ ಪ್ರಿನ್ಸಿಪಾಲರ ಕೋಣೆಗೆ ಬಂದು, ಸಾಹುಕಾರರ ಎದುರು ಕೂತು, ಚಹಾ ಗುಟುಕರಿಸುತ್ತ ಕಾಗದಗಳನ್ನು ತಿರುವಿದರು.

“ನೋಡಿ ಸಾರ್, ನಾನು ಮೊದಲು ನೋಡೋದೇ ಎಲ್ಲಿ ಓದಿದಾರೆ ಅಂತ. ಅಲ್ಲೇ ಅರ್ಧ ಗೊತ್ತಾಗ್ಬಿಡುತ್ತೆ. ಈ ಮಧು ಅನ್ನೋರು ಸರಿ, ಒಳ್ಳೇ ಕಾಲೇಜು. ಇನ್ನು ಈ ಹುಡುಗಿ...” ಅವರು ಅಂಕಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದರು. “ಗುರುಸಿದ್ದಪ್ಪ ಕಾಲೇಜಂತೆ! ಯಾರ್ರೀ ಈ ಗುರುಸಿದ್ದಪ್ಪ? ನಾಲ್ಕು ಕಾಸಿದ್ದೋರೆಲ್ಲ ಅಪ್ಪನ ಹೆಸರಲ್ಲಿ ಒಂದೊಂದು ಕಾಲೇಜು ತೆಗೆದುಬಿಟ್ಟಿದಾರೆ. ಇಂಥಲ್ಲಿ ಓದಿದೋರು ಮಕ್ಕಳಿಗೆ ಏನು ಕಲಿಸ್ತಾರೆ?”

ಸಿದ್ದಲಿಂಗಪ್ಪನವರ ಪೆನ್ನು ನಿಂತಿತು. ತಜ್ಞರ ತಲೆಯ ಮೇಲೆ, ಗೋಡೆಯಲ್ಲಿ, ರುಮಾಲು ಸುತ್ತಿದ ಗುರುಸಿದ್ದಪ್ಪನವರು ಮಾಲೆ ಹಾಕಿಸಿಕೊಂಡು ಕೂತಿದ್ದರು.

ಇದಕ್ಕಿಂತ ಸಣ್ಣ ಮಾತಿಗೆ ಸಾಹುಕಾರರು ಮಂದಿಯನ್ನು ಅಂಗಡಿಯ ಕಟ್ಟೆಯಿಂದ ಕೆಳಗಿಳಿಸಿದ್ದುಂಟು. ರಕ್ತ ನೆತ್ತಿಗೇರಿತು. ಎದ್ದು ನಿಲ್ಲಲು ಕೈ ಊರಿದರು. ಊರಿದ ಕೈ ಅಲ್ಲೇ ಉಳಿಯಿತು. ಏಕೆಂದರೆ ತಜ್ಞರ ಕೊನೆಯ ಮಾತು ಅವರಿಗೆ ಹೊಸದಾಗಿರಲಿಲ್ಲ. ಬೆಳಿಗ್ಗೆ ರೊಟ್ಟಿ ಮುರಿಯುತ್ತ ತಾವೇ ಆಡಿದ ಮಾತು ಅದು. ಮಾತು ಅದೇ, ಬಾಯಿ ಬೇರೆ. ತಮ್ಮ ಬಾಯಲ್ಲಿ ಅದು ವ್ಯವಹಾರಜ್ಞಾನವಾಗಿತ್ತು, ಇವನ ಬಾಯಲ್ಲಿ ಅಪ್ಪನ ರುಮಾಲಿಗೆ ಕೈ ಹಾಕಿದಂತಾಗಿತ್ತು. ಸಾಹುಕಾರರಿಗೆ ಬಹಳ ನಾಚಿಕೆಯಾಯಿತು. ನಾಚಿಕೆಯಾದಾಗ ಅವರ ದನಿ ತಗ್ಗುತ್ತದೆ.

“ಸಾಹೇಬ್ರ, ಹಿಂದಕ ಹೊಳ್ಳಿ ನೋಡ್ರಿ. ಅವರು ಗುರುಸಿದ್ದಪ್ಪ. ನಮ್ಮಪ್ಪ. ನೀವು ಕುಂತಿದ್ದು ಅವರ ಕಾಲೇಜಿನ್ಯಾಗ.”

ತಜ್ಞರು ಹಿಂದಕ್ಕೆ ತಿರುಗಿದರು. ಚಹಾ ಅಂಗಿಯ ಮೇಲೆ ಚೆಲ್ಲಿತು. “ಅಯ್ಯೋ, ಅಲ್ಲ ಸಾರ್, ನಾನು ಸುಮ್ನೆ ಒಂದು ಮಾತಿಗೆ...”

“ಇರ್ಲಿ ಬಿಡ್ರಿ” ಎಂದರು ಸಾಹುಕಾರರು. “ಒಂದು ಮಾತು ಕೇಳ್ತೀನಿ. ಇವತ್ತ ನಮ್ಮ ಮೆಣಸಿನಕಾಯಿ ಯಾರ್ಡಿನ್ಯಾಗ ಟೆಂಡರ್ ಐತಿ. ಸಾವಿರಾರು ಚೀಲ ಬಂದಾವ. ಯಾವ ರಾಶಿ ಮುಂದೂ ರೈತನ ಕುಲಗೋತ್ರ ಬರ್ದಿರಂಗಿಲ್ಲ, ಲಾಟ್ ನಂಬರ್ ಇರ್ತೈತಿ. ಖರೀದಿದಾರರು ಬರ್ತಾರ, ಕಾಯಿ ಮುರೀತಾರ, ಮೂಸಿ ನೋಡ್ತಾರ, ರೇಟು ಬರ್ದು ಚೀಟಿ ಡಬ್ಬಿಗೆ ಹಾಕ್ತಾರ. ಮಾಲು ಮಾತಾಡ್ತೈತಿ. ಇವರಿಬ್ಬರನ್ನೂ ಹಂಗ ನೋಡೂಣು. ಒಂದೊಂದು ಪಾಠ ಮಾಡ್ಲಿ. ಎಲ್ಲಿ ಕಲ್ತಾರ ಅಂತ ಯಾರಿಗೂ ಹೇಳೂದು ಬ್ಯಾಡ. ಹುಡುಗೂರು ನೂರಕ್ಕ ಎಷ್ಟು ಅಂತ ಬರ್ದು ಚೀಟಿ ಹಾಕ್ಲಿ.”

ಅಂಗಿ ಒದ್ದೆ ಮಾಡಿಕೊಂಡ ತಜ್ಞರು ಬೇಡವೆನ್ನುವ ಸ್ಥಿತಿಯಲ್ಲಿ ಇರಲಿಲ್ಲ. ಸಿದ್ದಲಿಂಗಪ್ಪನವರು ಆಗಲೇ ಡಬ್ಬಿ ಹುಡುಕಲು ಎದ್ದಿದ್ದರು.

ಕೊನೆಯ ವರ್ಷದ ಬಿ.ಎ. ತರಗತಿ ತುಂಬಿತು. ಸಾಹುಕಾರರು ಧೋತರ ಸಾವರಿಸಿಕೊಂಡು ಹಿಂದಿನ ಬೆಂಚಿನಲ್ಲಿ ಹುಡುಗರ ನಡುವೆ ತೂರಿ ಕೂತರು. ಅವರ ಓದು ಏಳನೆಯ ಇಯತ್ತೆಗೆ ನಿಂತಿತ್ತು. ಇಬ್ಬರಿಗೂ ಕೊಟ್ಟ ಪಾಠ ಒಂದೇ: ಬೆಲೆ ಏರಿದರೆ ಬೇಡಿಕೆ ಯಾಕೆ ಇಳಿಯುತ್ತದೆ.

ಲಾಟ್ ನಂಬರ್ ಒಂದು ಎಂದರೆ ಮಧು. ನೀಟಾದ ಅಂಗಿ, ನೀಟಾದ ಇಂಗ್ಲಿಷ್. ಹಲಗೆಯ ಮೇಲೆ ಒಂದೇ ಎಳೆತಕ್ಕೆ ಬಾಗಿದ ಗೆರೆ ಎಳೆದು, ಎಲ್ಲೂ ತಡವರಿಸದೆ ಪಾಠ ಮುಗಿಸಿದ. ಮುಂದಿನ ಬೆಂಚಿನವರು ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಸಾಹುಕಾರರ ಭುಜಕ್ಕೇ ತಲೆಯೊರಗಿಸಿ ನಿದ್ದೆಹೋದ. ಸಾಹುಕಾರರಿಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ತಲೆದೂಗಿದರು. ತಿಳಿಯಲಿಲ್ಲ ಎಂದರೆ ದೊಡ್ಡದೇ ಇರಬೇಕು ಎಂಬುದು ಅವರ ಹಳೆಯ ಲೆಕ್ಕಾಚಾರ. ಇಷ್ಟು ವರ್ಷ ಅದೇ ಲೆಕ್ಕಾಚಾರದ ಮೇಲೆ ಅವರು ಉಪನ್ಯಾಸಕರನ್ನು ಆರಿಸಿದ್ದು.

ಲಾಟ್ ನಂಬರ್ ಎರಡು ಎಂದರೆ ನಾಗರತ್ನಾ. ಸೀಮೆಸುಣ್ಣ ಮುರಿಯಿತು. ಎಳೆದ ಗೆರೆ ಸೊಟ್ಟಾಯಿತು, ಒರೆಸಿದಳು, ಮತ್ತೆ ಎಳೆದಳು. ತಜ್ಞರು ಗಡಿಯಾರ ನೋಡಿಕೊಂಡರು. ಸಾಹುಕಾರರು ಬೆಂಚಿನ ತುದಿಗೆ ಸರಿದು ಕೂತರು. ಹನುಮಪ್ಪನ ಮಗಳು ಸೋತರೆ ಸೋಲುವುದು ಅವಳೊಬ್ಬಳೇ ಅಲ್ಲ ಎಂಬುದು ಈಗ ಅವರಿಗೆ ನಿಚ್ಚಳವಾಗಿತ್ತು. ಮೂರು ವರ್ಷ ಅವಳನ್ನು ಕೂಡಿಸಿ ಕಲಿಸಿದ್ದು ಈ ಗೋಡೆಗಳೇ. ‘ಗಟ್ಟಿ ನಿಲ್ಲು, ತಂಗಿ’ ಎಂದು ಮನಸ್ಸಿನಲ್ಲೇ ಅಂದುಕೊಂಡರು.

ಅವಳು ಪಾಠ ಶುರು ಮಾಡಿದ್ದು ಇಂಗ್ಲಿಷಿನಲ್ಲಿ. ನಾಲ್ಕು ವಾಕ್ಯ ಆಗುವಷ್ಟರಲ್ಲಿ ಹಿಂದಿನ ಬೆಂಚಿನ ಮುಖಗಳನ್ನು ನೋಡಿ ನಿಲ್ಲಿಸಿದಳು. “ತಿಳೀಲಿಲ್ಲ ಅಂದವರು ಕೈ ಎತ್ರಿ” ಎಂದಳು. ಯಾರೂ ಎತ್ತಲಿಲ್ಲ. ಸಾಹುಕಾರರಿಗೇ ತಡೆಯಲಾಗದೆ ತಮ್ಮ ಕೈ ಎತ್ತಿಬಿಟ್ಟರು. ತರಗತಿಗೆ ತರಗತಿಯೇ ನಕ್ಕಿತು, ಆಮೇಲೆ ಒಂದೊಂದಾಗಿ ಕೈಗಳು ಎದ್ದವು. ನಾಗರತ್ನಾ ಸೀಮೆಸುಣ್ಣ ಇಟ್ಟು, ಮೊದಲಿನಿಂದ, ಕನ್ನಡದಲ್ಲಿ, ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ನಿಂತು, ಗೆರೆಯ ಒಂದೊಂದು ಚುಕ್ಕೆಯನ್ನೂ ಒಬ್ಬೊಬ್ಬರಿಂದ ಹೇಳಿಸುತ್ತ ಹೋದಳು. ನಿದ್ದೆಹೋಗಿದ್ದ ಹುಡುಗ ಎದ್ದು ನಿಂತು, “ಬಂಗಾರದ ರೇಟು ಏರಿದಷ್ಟೂ ನಮ್ಮವ್ವ ತಗೋ ತಗೋ ಅಂತಾಳಲ್ರಿ, ಅದಕ್ಕೇನಂತೀರಿ?” ಎಂದು ಜಗಳಕ್ಕೇ ಬಂದ. ಅವಳು ತಕ್ಷಣ ಉತ್ತರ ಕೊಡಲಿಲ್ಲ. “ಯಾರು ಇವಗ ಉತ್ತರ ಕೊಡ್ತೀರಿ?” ಎಂದು ತರಗತಿಯ ಮೇಲೆ ಬಿಟ್ಟಳು. ಹುಡುಗಿಯರ ಕಡೆಯಿಂದ ಒಬ್ಬಳು ಎದ್ದಳು, ಇನ್ನೊಬ್ಬಳು ಅವಳನ್ನು ತಿದ್ದಿದಳು. ಗಲಾಟೆಯೋ ಗಲಾಟೆ. ಗಂಟೆ ಬಾರಿಸಿದಾಗ ಸಾಹುಕಾರರು ಹಲಗೆಯ ಮೇಲಿನ ಸೊಟ್ಟ ಗೆರೆಯನ್ನು ನೋಡಿದರು. ಅದು ಏನು ಹೇಳುತ್ತದೆಂದು ಅವರಿಗೆ ಪೂರಾ ತಿಳಿದಿತ್ತು.

ಚೀಟಿಗಳು ಡಬ್ಬಿಗೆ ಬಿದ್ದವು. ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. ಇಲ್ಲೇ ಎಡವಟ್ಟಾಯಿತು ನೋಡಿ.

ಟೆಂಡರ್ ಚೀಟಿ ಬಿಚ್ಚುವುದರಲ್ಲಿ ಸಾಹುಕಾರರ ಕೈ ಪಳಗಿದ್ದು. ಯಾರ್ಡಿನಲ್ಲಿ ಒಂದು ರಾಶಿಗೆ ಎಷ್ಟೇ ಚೀಟಿ ಬೀಳಲಿ, ನೋಡುವುದು ಒಂದನ್ನೇ, ಎಲ್ಲಕ್ಕಿಂತ ಹೆಚ್ಚಿನ ರೇಟು ಬರೆದದ್ದನ್ನು. ಉಳಿದವು ಕಸ. ಆ ಅಭ್ಯಾಸದಲ್ಲೇ ಅವರು ಬೆರಳಾಡಿಸಿದರು. ಎರಡನೇ ಲಾಟಿಗೆ ತೊಂಬತ್ತರ ಮೇಲಿನ ಚೀಟಿಗಳು ಕಂಡವು, ಆದರೆ ಯಾರೂ ನೂರು ಕೊಟ್ಟಿರಲಿಲ್ಲ. ಒಂದನೇ ಲಾಟಿಗೆ ಮುಂದಿನ ಬೆಂಚಿನ ಯಾವನೋ ಒಬ್ಬ ನೂರಕ್ಕೆ ನೂರು ಬರೆದಿದ್ದ. ಸಾಹುಕಾರರ ಮುಖ ಸಣ್ಣದಾಯಿತು. ಆದರೂ ವ್ಯಾಪಾರ ಎಂದರೆ ವ್ಯಾಪಾರ. ಎದ್ದು ನಿಂತು, ಯಾರ್ಡಿನಲ್ಲಿ ಕೂಗುವ ಗಂಟಲಿನಲ್ಲೇ ಕೂಗಿಬಿಟ್ಟರು.

“ಲಾಟ್ ನಂಬರ್ ಒಂದು! ನೂರು! ಟೆಂಡರ್ ಆತು!”

ಸಿದ್ದಲಿಂಗಪ್ಪನವರು ಓಡಿಬಂದು ಕಿವಿಯಲ್ಲಿ, “ಸಾವ್ಕಾರ್ರ, ಹಂಗಲ್ರಿ, ಎಲ್ಲಾ ಚೀಟಿ ಕೂಡಸಬೇಕಾಗಿತ್ರಿ” ಎಂದರು. ಸಾಹುಕಾರರು ಬೆವೆತರು. ಕೂಗಿದ ಟೆಂಡರನ್ನು ಕರಬಸಪ್ಪ ಹಿಂದಕ್ಕೆ ತೆಗೆದುಕೊಂಡನೆಂಬ ಮಾತು ಪೇಟೆಯಲ್ಲಿ ಹುಟ್ಟೇ ಇರಲಿಲ್ಲ. ತಜ್ಞರಿಗೆ ಹೋದ ಜೀವ ಬಂದಂತಾಗಿ, “ನಿಯಮ ನೀವೇ ಮಾಡಿದ್ದು ಸಾರ್, ಘೋಷಣೇನೂ ನೀವೇ ಮಾಡಿದೀರಿ. ಮುಗೀತಲ್ಲ” ಎಂದರು.

ಬಾಗಿಲ ಬಳಿ ನಿಂತಿದ್ದ ನಾಗರತ್ನಾ ಒಳಗೆ ಬಂದಳು.

“ಸಾವ್ಕಾರ್ರ, ನಾ ಸೋತಿದ್ರ ಸೋತೆ ಅಂತೀನ್ರಿ. ನಮ್ಮಪ್ಪ ನಿಮ್ಮ ಅಂಗಡಿಗೆ ಮಾಲು ತರ್ತಾನ, ಟೆಂಡರ್ ಅಂದ್ರೇನು ಅಂತ ನನಗೂ ಗೊತ್ತೈತಿ. ಒಂದು ರಾಶಿ ಕಾಯಿ ಒಬ್ಬಾವ ಒಯ್ತಾನ. ಅವನೊಬ್ಬಗ ಬಂಗಾರ ಅನಿಸಿದ್ರ ಸಾಕು, ಉಳಿದವರು ಏನಂದ್ರೇನು. ಆದ್ರ ಪಾಠ ಒಬ್ಬಾವ ಒಯ್ಯೂದಲ್ರಿ. ಕ್ಲಾಸಿನ್ಯಾಗ ಕುಂತಾವರೆಲ್ಲಾರೂ ಒಯ್ಯಬೇಕು. ಮುಂದಿನ ಬೆಂಚಿನ ಒಬ್ಬಾವ ಒಯ್ದು ಉಳಿದವರು ಖಾಲಿ ಕೈಲೆ ಹೋದ್ರ, ಅವರು ಡಿಗ್ರಿ ತಗೊಂಡು ಎಲ್ಲಿ ಹೋಗ್ಬೇಕ್ರಿ? ರಾಣೆಬೆನ್ನೂರಾಗ ಲೇಬಲ್ ಹಚ್ಚಾಕ ಹೋಗ್ತಾರ. ನನ್ನ ಜೋಡಿ ಕಲ್ತವರು ಹೋಗ್ಯಾರ.”

ಅವಳು ಹೇಳಿದ್ದು ಇಷ್ಟೇ. ಬೇಡಿಕೊಳ್ಳಲಿಲ್ಲ, ಅಳಲಿಲ್ಲ, ತಲೆ ತಗ್ಗಿಸಲಿಲ್ಲ.

ಸಾಹುಕಾರರು ಅವಳನ್ನೇ ನೋಡಿದರು. ಎಷ್ಟೋ ವರ್ಷ ವೇದಿಕೆ ಹತ್ತಿ ಮೇಜು ಗುದ್ದಿ ತಾವು ಹೇಳಲಾಗದ್ದನ್ನು ಈ ಹುಡುಗಿ ದನಿ ಎತ್ತದೆ ಹೇಳಿದ್ದಳು. ಇಂಥ ಮಾತು ಇವಳು ಎಲ್ಲಿ ಕಲಿತಳು? ಇಲ್ಲೇ ಅಲ್ಲವೇ, ಇದೇ ಕಲ್ಲುನೆಲದ ಕಟ್ಟಡದಲ್ಲಿ! ಅವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಯಾರ್ಡಿನ್ಯಾಗ ನಾ ಕೂಗಿದ ಮಾತು ಎಂದೂ ತಿರುಗಿಲ್ಲ. ಮುಂದೂ ತಿರುಗಂಗಿಲ್ಲ. ಆದ್ರ ಇದು ಯಾರ್ಡ್ ಅಲ್ಲ, ಇದು ನಮ್ಮಪ್ಪನ ಕಾಲೇಜು. ಇಲ್ಲಿ ನಾ ತಪ್ಪೀನಿ. ಇವತ್ತಷ್ಟ ಅಲ್ಲ, ಭಾಳ ದಿನದಿಂದ ತಪ್ಪೀನಿ. ಸಿದ್ದಲಿಂಗಪ್ಪನವರ, ಎಲ್ಲಾ ಚೀಟಿ ಕೂಡಸ್ರಿ.”

ಸಿದ್ದಲಿಂಗಪ್ಪನವರು ಕೂಡಿಸಿದರು, ತಜ್ಞರು ಪಕ್ಕದಲ್ಲೇ ನಿಂತು ಸರಿನೋಡಿದರು. ಎರಡನೇ ಲಾಟು ಎಷ್ಟೋ ಮುಂದಿತ್ತು. ಹುಡುಗರು ಬೆಂಚು ಬಡಿದ ಸದ್ದಿಗೆ ಕೆಳಗಿನ ಅಂತಸ್ತಿನವರು ಓಡಿಬಂದರು. ಮಧು ಒಳ್ಳೆಯವನು, ತಾನೇ ಹೋಗಿ ನಾಗರತ್ನಾಳಿಗೆ ಹೇಳಿದ: “ಮೇಡಂ, ಆ ಕೊನೇ ಬೆಂಚಿನ ಹುಡುಗ ನನ್ನ ಕ್ಲಾಸಲ್ಲಿ ಗೊರಕೆ ಹೊಡೀತಿದ್ದ, ನಿಮ್ಮ ಕ್ಲಾಸಲ್ಲಿ ಜಗಳ ಆಡಿದ. ಅಲ್ಲೇ ನಂಗೆ ಗೊತ್ತಾಯ್ತು ಬಿಡಿ.”

ತಜ್ಞರು ಮಾತ್ರ ಪೆನ್ನಿನ ಮುಚ್ಚಳ ತೆಗೆಯುತ್ತ, “ಸದ್ಯಕ್ಕೆ ತಾತ್ಕಾಲಿಕ ಅಂತ ಬರೆಯೋಣ ಸಾರ್. ಮುಂದಿನ ವರ್ಷ ಒಳ್ಳೇ ಕಾಲೇಜಿನವರು ಯಾರಾದ್ರೂ ಸಿಕ್ಕರೆ ನೋಡಬಹುದು” ಎಂದರು.

“ಒಳ್ಳೇ ಕಾಲೇಜಿನವರು ಸಿಕ್ಕಾರಲ್ರಿ” ಎಂದರು ಸಾಹುಕಾರರು. “ಕಾಯಂ ಅಂತ ಬರೀರಿ.”

ಮಧ್ಯಾಹ್ನ ಅವರು ಯಾರ್ಡಿಗೆ ಹೋದಾಗ ಕೆಂಪಗೆ ಹಾಸಿದ ರಾಶಿಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಅವರಿಗೆ ಮಾತ್ರ ಎಲ್ಲರೂ ದಾರಿ ಬಿಡುತ್ತಿದ್ದಾರೆ ಅನಿಸುತ್ತಿತ್ತು, ಅಷ್ಟು ಉಬ್ಬಿದ್ದರು. ತಮ್ಮ ಅಂಗಡಿಯ ಕಟ್ಟೆಯ ಮೇಲೆ ಹನುಮಪ್ಪ ಕೂತಿದ್ದ. ತಲೆಯ ಟವೆಲ್ಲಿಗೆ, ಹುಬ್ಬಿಗೆಲ್ಲ ಮೆಣಸಿನಕಾಯಿಯ ಕೆಂಪು ಧೂಳು. ಈ ಸುದ್ದಿ ತಾವೇ ಹೇಳಬೇಕು, ಹನುಮಪ್ಪ ಕೈ ಮುಗಿಯಬೇಕು, ‘ಅದರಾಗೇನೈತಿ’ ಎಂದು ತಾವು ದೊಡ್ಡ ಮನಸ್ಸಿನಿಂದ ಅನ್ನಬೇಕು ಎಂದೆಲ್ಲ ದಾರಿಯುದ್ದಕ್ಕೂ ಸಾಹುಕಾರರು ಯೋಚಿಸಿಕೊಂಡು ಬಂದಿದ್ದರು.

“ಹನುಮಪ್ಪ, ಬಾಯಿ ಸಿಹಿ ಮಾಡು. ನಿನ್ನ ಮಗಳು ಪಾಸಾದಳೋ! ಇನ್ನ ಅಕಿ ನಮ್ಮ ಕಾಲೇಜಿನ ಮೇಡಂ.”

ಹನುಮಪ್ಪ ಎದ್ದು ನಿಂತ. ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಘಾಟಿಗೋ, ಸಂತೋಷಕ್ಕೋ, ಅಥವಾ ಎರಡಕ್ಕೂ. ಆದರೆ ಕೈ ಮುಗಿಯಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಸಾಹುಕಾರರ ಕಣ್ಣಲ್ಲಿ ಕಣ್ಣಿಟ್ಟು ನಕ್ಕ.

“ಸಾವ್ಕಾರ್ರ, ನನ್ನ ಮಗಳು ಯಾವಾಗೋ ಪಾಸಾಗ್ಯಾಳ್ರಿ. ಇವತ್ತ ಪಾಸಾಗಿದ್ದು ನಿಮ್ಮ ಕಾಲೇಜು.”

ಸುತ್ತ ಕೂತ ಹಮಾಲರು, ರೈತರು ಸಾಹುಕಾರರ ಮುಖ ನೋಡಿದರು. ಕರಬಸಪ್ಪನವರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ತಾವೇ ಹನುಮಪ್ಪನಿಗೆ ಕೈ ಮುಗಿದರು.